ಎಲ್ಲರೂ ‘ಆಡಿಟರ್ರೇ’: ಸಣ್ಣ ವ್ಯಾಪಾರದ ತೆರಿಗೆ ಲೆಕ್ಕ ಯಾರ ಕೈಗೆ?

ತುಮಕೂರಿನ ಯಾವ ಅಂಗಡಿಯವರನ್ನಾದರೂ ಕೇಳಿ ನೋಡಿ, ‘ಜಿಎಸ್‌ಟಿ, ಐಟಿ ಎಲ್ಲಾ ನಮ್ಮ ಆಡಿಟರ್ರು ನೋಡ್ಕೋತಾರೆ’ ಅಂತಾರೆ. ಆ ಆಡಿಟರ್ರು ಯಾರು ಅಂತ ಹೋಗಿ ನೋಡಿದರೆ ಒಬ್ಬರು ನಿಜವಾಗಿಯೂ ಚಾರ್ಟರ್ಡ್ ಅಕೌಂಟೆಂಟ್ (ಸಿಎ). ಇನ್ನೊಬ್ಬರು ಸೇಲ್ಸ್ ಟ್ಯಾಕ್ಸ್ ಕಾಲದಿಂದ ಇರುವ ಪ್ರಾಕ್ಟೀಷನರ್. ಮತ್ತೊಬ್ಬರು ವಕೀಲರು. ಮಗದೊಬ್ಬ, ಸಿಎ ಆಫೀಸಿನಲ್ಲಿ ನಾಲ್ಕು ವರ್ಷ ಟ್ಯಾಲಿ ಎಂಟ್ರಿ ಹೊಡೆದು ಈಗ ಸ್ವಂತ ಟೇಬಲ್ ಹಾಕಿಕೊಂಡ ಹುಡುಗ. ಬೋರ್ಡಿನಲ್ಲಿ ಮಾತ್ರ ಸುಮಾರು ಜನರದ್ದು ಒಂದೇ ಬರಹ: ‘ಟ್ಯಾಕ್ಸ್ ಕನ್ಸಲ್ಟೆಂಟ್’.

ಬಟವಾಡಿ ಕಡೆ ನನ್ನದೊಂದು ಪ್ಲಂಬಿಂಗ್ ಮತ್ತು ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ. ಈ ನಾಲ್ಕು ಬಗೆಯವರಲ್ಲಿ ಮೂವರ ಹತ್ತಿರ ಕೆಲಸ ಮಾಡಿಸಿದ್ದೇನೆ, ಒಬ್ಬರಿಂದ ಪೆಟ್ಟೂ ತಿಂದಿದ್ದೇನೆ. ಯಾರು ಮೇಲು ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ನಿಮ್ಮ ವ್ಯಾಪಾರದಲ್ಲಿ ಗಂಟು ಎಲ್ಲಿ ಬಿದ್ದಿದೆ ಅನ್ನುವುದರ ಮೇಲೆ ಅದು ನಿಂತಿದೆ. ವಹಿವಾಟು ದೊಡ್ಡದಾದರೆ ದೊಡ್ಡ ಆಫೀಸು, ಚಿಕ್ಕದಾದರೆ ಚಿಕ್ಕ ಆಫೀಸು ಅನ್ನುವ ಲೆಕ್ಕ ಬಹಳ ಸಲ ತಪ್ಪುತ್ತದೆ.

ಗಂಟು ಎಲ್ಲಿದೆ?

ನನ್ನ ಪಕ್ಕದ ಕಾಂಡಿಮೆಂಟ್ಸ್ ಅಂಗಡಿಯವರದ್ದು ಜಿಎಸ್‌ಟಿ ಕಾಂಪೊಸಿಷನ್, ಅಂದರೆ ಸಣ್ಣವರಿಗಿರುವ ಸರಳ ಪದ್ಧತಿ. ವರ್ಷದ ವಹಿವಾಟು ಒಂದೂವರೆ ಕೋಟಿಯ ಒಳಗಿದ್ದರೆ ವ್ಯಾಪಾರಿಗಳು ಈ ದಾರಿ ಹಿಡಿಯಬಹುದು. ಮಾರಾಟದ ಮೇಲೆ 1% ಕಟ್ಟಬೇಕು, ಹೋಟೆಲ್ ಆದರೆ 5%. ಮೂರು ತಿಂಗಳಿಗೊಮ್ಮೆ ತೆರಿಗೆ ಕಟ್ಟುವ ಫಾರಂ ಸಿಎಂಪಿ-08, ವರ್ಷಕ್ಕೊಮ್ಮೆ ರಿಟರ್ನ್ ಜಿಎಸ್‌ಟಿಆರ್-4. ಕೊಂಡ ಮಾಲಿನ ತೆರಿಗೆ ವಾಪಸ್ ಪಡೆಯುವ ಹಾಗಿಲ್ಲ, ಬೇರೆ ರಾಜ್ಯಕ್ಕೆ ಮಾರುವ ಹಾಗಿಲ್ಲ. ಇವರ ಲೆಕ್ಕದಲ್ಲಿ ಗಂಟೇ ಇಲ್ಲ. ತಾರೀಕು ತಪ್ಪದ ಒಬ್ಬ ಪ್ರಾಕ್ಟೀಷನರ್ ಇದ್ದರೆ ಸಾಕು, ಇವರು ಸಿಎ ಹತ್ತಿರ ಹೋಗುವುದು ನೆಗಡಿಗೆ ಸರ್ಜನ್ ಹತ್ತಿರ ಹೋದ ಹಾಗೆ.

ಶಿಡ್ಲಘಟ್ಟದಲ್ಲಿ ನಮ್ಮ ಭಾವ ರೇಷ್ಮೆ ರೀಲರ್, ಅಂದರೆ ಗೂಡಿನಿಂದ ರೇಷ್ಮೆ ಬಿಚ್ಚುವವರು. ಅವರು ಜಿಎಸ್‌ಟಿ ನೋಂದಣಿಯನ್ನೇ ಮಾಡಿಸಿಲ್ಲ, ಮಾಡಿಸಬೇಕಾಗಿಯೂ ಇಲ್ಲ. ಗೂಡಿಗೆ ತೆರಿಗೆ ಇಲ್ಲ, ಬಿಚ್ಚಿದ ಕಚ್ಚಾ ರೇಷ್ಮೆಗೂ ಇಲ್ಲ. ಅದನ್ನೇ ಹುರಿ ಮಾಡಿ ನೂಲಾಗಿ ಮಾರಿದರೆ ಮಾತ್ರ 5%, ಅದೂ ಕೊಳ್ಳುವ ನೋಂದಾಯಿತ ವ್ಯಾಪಾರಿಯೇ ಕಟ್ಟಬೇಕಾದ ರಿವರ್ಸ್ ಚಾರ್ಜ್. ಹಾಗಾಗಿ ಭಾವನಿಗೆ ‘ತೆರಿಗೆ ಅಂದರೆ ನಮಗಲ್ಲ’ ಅನ್ನುವ ಧೈರ್ಯ ಬಹಳ ವರ್ಷ ಇತ್ತು. ಗಂಟು ಇದ್ದದ್ದು ಆದಾಯ ತೆರಿಗೆಯಲ್ಲಿ. ರೇಷ್ಮೆ ಕಿಲೋಗೆ ಸಾವಿರಗಳ ಲೆಕ್ಕ, ಸಣ್ಣ ರೀಲರ್‌ಗಳ ವಹಿವಾಟೂ ಕೋಟಿ ದಾಟುವುದುಂಟು, ಕೈಗೆ ಉಳಿಯುವುದು ತೀರಾ ಕಡಿಮೆ. ಎಲ್ಲರೂ ಬಾಯಿಮಾತಿಗೆ 44ಎಡಿ ಅನ್ನುವ ಅಂದಾಜು ಲಾಭದ ಪದ್ಧತಿಯಲ್ಲಿ, ಬ್ಯಾಂಕು ಮತ್ತು ಯುಪಿಐ ಮೂಲಕ ಬಂದದ್ದಕ್ಕೆ ಕನಿಷ್ಠ 6%, ನಗದಿಗೆ 8% ಲಾಭ ತೋರಿಸಬೇಕು. ಅದಕ್ಕೂ 2 ಕೋಟಿಯ ಮಿತಿ ಇದೆ, ನಗದು ವಸೂಲಿ 5% ದಾಟದಿದ್ದರೆ 3 ಕೋಟಿ. ಭಾವನಿಗೆ ನಿಜವಾಗಿ ಉಳಿಯುತ್ತಿದ್ದದ್ದು ಆ 6%ಗಿಂತಲೂ ಕಡಿಮೆ. ಇಲ್ಲದ ಲಾಭಕ್ಕೆ ತೆರಿಗೆ ಕಟ್ಟುವುದೋ, ಪುಸ್ತಕ ಬರೆದು ಆಡಿಟ್ ಮಾಡಿಸಿ ಇದ್ದದ್ದನ್ನು ಇದ್ದ ಹಾಗೆ ತೋರಿಸುವುದೋ? ಟ್ಯಾಕ್ಸ್ ಆಡಿಟ್‌ಗೆ ಸಹಿ ಹಾಕುವ ಅಧಿಕಾರ ಇರುವುದು ಸಿಎಗೆ ಮಾತ್ರ. ಜಿಎಸ್‌ಟಿ ನಂಬರೇ ಇಲ್ಲದ ಮನುಷ್ಯನಿಗೆ ಸಿಎ ಬೇಕಾಯಿತು, ದಿನವೂ ಜಿಎಸ್‌ಟಿ ಬಿಲ್ ಹರಿಯುವ ನನಗೆ ಅಷ್ಟಾಗಿ ಬೇಕಾಗಿಲ್ಲ. ಎಷ್ಟು ವಿಚಿತ್ರ ನೋಡಿ.

ಕೋಲಾರದ ಟೊಮೆಟೊ ಮಂಡಿಯವರದ್ದೂ ಇದೇ ಜಾತಿಯ ಗಂಟು. ರೈತರ ಮಾಲು ಮಾರಿಸಿಕೊಟ್ಟು ಪಡೆಯುವ ಕಮಿಷನ್‌ಗೆ ಜಿಎಸ್‌ಟಿ ವಿನಾಯಿತಿ ಇದೆ. ಆದರೆ ಕಮಿಷನ್, ದಲ್ಲಾಳಿ ಆದಾಯಕ್ಕೆ ಆ ಅಂದಾಜು ಲಾಭದ ಪದ್ಧತಿ ಅನ್ವಯಿಸುವುದಿಲ್ಲ. ಇದು ಗೊತ್ತಿಲ್ಲದೆ ವರ್ಷಾವರ್ಷ ಅಂದಾಜು ಲಾಭದವರ ‘ಸುಗಮ್’ ಫಾರಂ ತುಂಬಿ ಕಳಿಸುವವರಿದ್ದಾರೆ. ನೀವು ಮಂಡಿಯವರಾಗಿದ್ದರೆ, ಹೊಸದಾಗಿ ನೋಡಲು ಹೋದವರ ಮುಂದೆ ಮೊದಲ ಪ್ರಶ್ನೆಯಾಗಿ ಇದನ್ನೇ ಇಡಿ. ಅವರು ಒಂದು ಗಳಿಗೆ ತಡವರಿಸಿದರೂ ಕಾಫಿ ಕುಡಿದು ಎದ್ದು ಬನ್ನಿ.

ಪ್ರಾಕ್ಟೀಷನರ್ರೋ, ಸಿಎನೋ?

ಬಹಳ ಜನ ಗೊಂದಲಕ್ಕೆ ಬೀಳುವುದು ಇಲ್ಲಿ. ಜಿಎಸ್‌ಟಿ ಪ್ರಾಕ್ಟೀಷನರ್ ಅಂದರೆ ಸುಮ್ಮನೆ ಬೋರ್ಡು ಹಾಕಿದವರಲ್ಲ. ಬಿಕಾಂ, ಕಾನೂನು ಇತ್ಯಾದಿ ಓದಿದವರು ಜಿಎಸ್‌ಟಿ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಂಡು, ಕೇಂದ್ರ ತೆರಿಗೆ ಇಲಾಖೆಯ ತರಬೇತಿ ಸಂಸ್ಥೆ ನಾಸಿನ್ ನಡೆಸುವ ಪರೀಕ್ಷೆ ಪಾಸು ಮಾಡಬೇಕು. ಅವರು ನಿಮ್ಮ ರಿಟರ್ನ್ ಸಲ್ಲಿಸಬಹುದು, ರೀಫಂಡ್ ಕೇಳಬಹುದು, ಅಧಿಕಾರಿ ಮುಂದೆ ನಿಮ್ಮ ಪರ ಹಾಜರಾಗಲೂಬಹುದು. ‘ಸಿಎ ಇಲ್ಲದಿದ್ದರೆ ಜಿಎಸ್‌ಟಿ ಆಫೀಸಿನಲ್ಲಿ ಒಳಗೇ ಬಿಡಲ್ಲ’ ಅನ್ನುವ ಮಾತು ಸುಳ್ಳು. 5 ಕೋಟಿ ಮೇಲಿನ ವಹಿವಾಟಿಗೆ ಬೇಕಾದ, ವರ್ಷದ ಲೆಕ್ಕ ತಾಳೆ ಮಾಡುವ ಜಿಎಸ್‌ಟಿಆರ್-9ಸಿಯನ್ನು ಈಗ ವ್ಯಾಪಾರಿ ತಾನೇ ದೃಢೀಕರಿಸಿ ಕೊಡುತ್ತಾನೆ, ಅದಕ್ಕೂ ಸಿಎ ಸಹಿ ಕಡ್ಡಾಯವಲ್ಲ.

ಊರಿನ ಹಳೆಯ ಪ್ರಾಕ್ಟೀಷನರ್‌ಗಳಿಗೆ ಇನ್ನೊಂದು ಬಲ ಇದೆ. ಮಾಲಿನ ಪರಿಚಯ. ತಿಪಟೂರಿನ ಮಂಡಿ ಲೆಕ್ಕ ಬರೆದು ಪಳಗಿದವರಿಗೆ ತೆಂಗಿನಕಾಯಿಗೆ ತೆರಿಗೆ ಇಲ್ಲ, ಕೊಬ್ಬರಿಗೆ 5% ಇದೆ ಅನ್ನುವುದು ನಿದ್ದೆಗಣ್ಣಲ್ಲೂ ಗೊತ್ತು. 2025ರ ಸೆಪ್ಟೆಂಬರ್ 22ಕ್ಕೆ ಬಹುತೇಕ ಮಾಲಿಗೆ 12% ಮತ್ತು 28%ರ ದರಗಳು ಹೋದಾಗ ನನ್ನ ಅಂಗಡಿಯ ಯಾವ ಮಾಲು ಎಲ್ಲಿಗೆ ಹೋಯಿತು ಅಂತ ಕೈಬರಹದಲ್ಲಿ ಒಂದು ಹಾಳೆ ಬರೆದುಕೊಟ್ಟದ್ದು ನಮ್ಮ ಪ್ರಾಕ್ಟೀಷನರ್ರೇ. ಗಲ್ಲಾಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದ ಆ ಹಾಳೆ ಇನ್ನೂ ಇದೆ.

ಸಿಎ ಬೇಕೇ ಬೇಕು ಅನ್ನುವ ಜಾಗಗಳೂ ಸ್ಪಷ್ಟವಾಗಿವೆ. ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿಕೊಂಡಿದ್ದರೆ ಒಂದು ರೂಪಾಯಿ ವಹಿವಾಟಿಲ್ಲದಿದ್ದರೂ ಆಡಿಟ್ ಕಡ್ಡಾಯ. ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಆದರೆ ವಹಿವಾಟು 40 ಲಕ್ಷ ಅಥವಾ ಬಂಡವಾಳ 25 ಲಕ್ಷ ದಾಟಿದ ಮೇಲೆ. ವ್ಯಾಪಾರ 1 ಕೋಟಿ ದಾಟಿ, ಅಂದಾಜು ಲಾಭದ ಪದ್ಧತಿಯಲ್ಲೂ ಇಲ್ಲದಿದ್ದರೆ ಟ್ಯಾಕ್ಸ್ ಆಡಿಟ್. ಪಡೆಯುವುದು, ಕೊಡುವುದು ಎರಡರಲ್ಲೂ ನಗದು 5% ದಾಟದಿದ್ದರೆ ಈ ಮಿತಿ 10 ಕೋಟಿಗೆ ಏರುತ್ತದೆ. ಬ್ಯಾಂಕ್ ಸಾಲಕ್ಕೆ ಹೋದಾಗಲೂ ಸಿಎ ಸಹಿ ಮಾಡಿದ ಬ್ಯಾಲೆನ್ಸ್ ಶೀಟ್ ಕೇಳುತ್ತಾರೆ. 2019ರಿಂದ ಸಿಎ ಸಹಿ ಮಾಡುವ ಸರ್ಟಿಫಿಕೇಟ್, ಆಡಿಟ್ ವರದಿಗಳ ಮೇಲೆ ಯುಡಿಐಎನ್ ಅನ್ನುವ 18 ಅಂಕಿಯ ಗುರುತು ಇರಬೇಕು. ಸಿಎ ಸಂಸ್ಥೆಯ ಯುಡಿಐಎನ್ ಪೋರ್ಟಲ್‌ನಲ್ಲಿ ಆ ನಂಬರ್ ಹಾಕಿ ಅಸಲಿಯೋ ನಕಲಿಯೋ ಯಾರು ಬೇಕಾದರೂ ನೋಡಬಹುದು. ‘ಸಿಎ ಸಹಿ ನಾನು ಹಾಕಿಸಿಕೊಡ್ತೀನಿ, ನೀವು ಅವರನ್ನು ನೋಡೋದು ಬೇಡ’ ಅನ್ನುವ ಮಧ್ಯಸ್ಥರು ನಮ್ಮೂರಲ್ಲೂ ಇದ್ದಾರೆ. ನಿಮ್ಮ ಲೆಕ್ಕವನ್ನೇ ನೋಡದವರ ಸಹಿಯನ್ನು ನಂಬಿ ಸಾಲದ ಅರ್ಜಿ ಹಾಕುವುದು ಬೇಡ.

ಸಿಎ ಆಫೀಸಿನ ಕೊರತೆಯೂ ಇದೆ. ಸೆಪ್ಟೆಂಬರ್ ಬಂತೆಂದರೆ ಆಡಿಟ್ ಗಡುವು, ನಿಮ್ಮ ಸಣ್ಣ ಅಂಗಡಿಯ ಫೈಲು ಅಡಿಗೆ ಹೋಗುತ್ತದೆ. ನಿಮ್ಮ ಜಿಎಸ್‌ಟಿ ಕೆಲಸವನ್ನು ಬಹುಪಾಲು ಮಾಡುವುದು ಸಿಎ ಅಲ್ಲ, ಅವರ ಕೈಕೆಳಗೆ ಆರ್ಟಿಕಲ್‌ಶಿಪ್ ಮಾಡುತ್ತಿರುವ ಹುಡುಗ ಅಥವಾ ಹುಡುಗಿ. ಅದು ತಪ್ಪಲ್ಲ, ಅವರು ಕಲಿಯುವುದೇ ಹಾಗೆ. ಆದರೆ ಬಾಕಿ ಇರುವುದನ್ನು ಯಾರನ್ನು ಕೇಳಬೇಕು, ಆ ಹುಡುಗಿ ಪರೀಕ್ಷೆ ರಜೆಗೆ ಹೋದರೆ ಯಾರು ನೋಡುತ್ತಾರೆ ಅನ್ನುವುದನ್ನು ಮೊದಲೇ ಕೇಳಿಟ್ಟುಕೊಳ್ಳಿ.

ನನ್ನ ಈಗಿನ ಏರ್ಪಾಡು ಎರಡೂ ಸೇರಿದ್ದು. ತಿಂಗಳ ಜಿಎಸ್‌ಟಿ ಪ್ರಾಕ್ಟೀಷನರ್ ಹತ್ತಿರ, ವರ್ಷಕ್ಕೊಮ್ಮೆ ಐಟಿ ಸಿಎ ಹತ್ತಿರ. ಇಬ್ಬರ ಅಂಕಿಗಳೂ ಒಂದಕ್ಕೊಂದು ತಾಳೆ ಆಗಬೇಕಾದ್ದರಿಂದ ಒಬ್ಬರ ತಪ್ಪು ಇನ್ನೊಬ್ಬರ ಟೇಬಲ್ ಮೇಲೆ ಸಿಕ್ಕಿಬೀಳುತ್ತದೆ. ಖರ್ಚು ಸ್ವಲ್ಪ ಹೆಚ್ಚು, ನಿದ್ದೆ ಚೆನ್ನಾಗಿ ಬರುತ್ತದೆ.

ಓಟಿಪಿ ಯಾರ ಫೋನಿಗೆ ಹೋಗುತ್ತಿದೆ?

ಒಬ್ಬರಿಂದ ಪೆಟ್ಟು ತಿಂದಿದ್ದೇನೆ ಅಂದಿದ್ದೆನಲ್ಲ, ಆ ಕಥೆ ಇದು. 2017ರ ಜುಲೈನಲ್ಲಿ ಜಿಎಸ್‌ಟಿ ಶುರುವಾದಾಗ ನನ್ನ ಹತ್ತಿರ ಇದ್ದದ್ದು ಬಟನ್ ಫೋನು. ಆಗಿನ ಪ್ರಾಕ್ಟೀಷನರ್ ಒಳ್ಳೆಯ ಮನುಷ್ಯ, ‘ನಿಮಗ್ಯಾಕೆ ತೊಂದರೆ’ ಅಂತ ತಮ್ಮದೇ ಮೊಬೈಲ್ ನಂಬರು, ತಮ್ಮದೇ ಇಮೇಲ್ ಹಾಕಿ ನೋಂದಣಿ ಮಾಡಿಸಿದರು. ಪಾಸ್‌ವರ್ಡ್ ಏನು ಅಂತ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ರಿಟರ್ನ್ ತಪ್ಪದೆ ಹೋಗುತ್ತಿತ್ತು. ನಮಗೆ ಇನ್ನೇನು ಬೇಕು?

2024ರ ಒಂದು ಬೆಳಗ್ಗೆ ಪೈಪ್ ಡಿಸ್ಟ್ರಿಬ್ಯೂಟರ್‌ಗೆ ಕೊಟ್ಟ ಚೆಕ್ ವಾಪಸ್ ಬಂತು. ಖಾತೆಯಲ್ಲಿ ದುಡ್ಡಿತ್ತು. ಬ್ಯಾಂಕಿಗೆ ಓಡಿದರೆ ಮ್ಯಾನೇಜರ್ ಡ್ರಾಯರ್‌ನಿಂದ ಒಂದು ಪತ್ರ ತೆಗೆದು ನನ್ನ ಕಡೆ ತಿರುಗಿಸಿ ಇಟ್ಟರು. ಜಿಎಸ್‌ಟಿ ಬಾಕಿ ವಸೂಲಿಗೆ ಖಾತೆ ತಡೆಹಿಡಿದಿದ್ದರು. ಆಮೇಲೆ ಗೊತ್ತಾದದ್ದು ಇಷ್ಟು: 2018-19ರಲ್ಲಿ ಒಬ್ಬ ಸಪ್ಲೈಯರ್ ತೆರಿಗೆ ಕಟ್ಟಿದ್ದರು, ಆದರೆ ಅವರ ಮಾರಾಟದ ಪಟ್ಟಿಯಾದ ಜಿಎಸ್‌ಟಿಆರ್-1ರಲ್ಲಿ ನನ್ನ ಬಿಲ್ಲುಗಳು ಬಿಟ್ಟುಹೋಗಿದ್ದವು. ಕೊಂಡ ಮಾಲಿನ ತೆರಿಗೆಗೆ ನಾನು ತೆಗೆದುಕೊಂಡ ಕ್ರೆಡಿಟ್‌ಗೂ ಪೋರ್ಟಲ್ ತೋರಿಸುವ ಅಂಕಿಗೂ ತಾಳೆ ಇರಲಿಲ್ಲ. ಅದಕ್ಕೆ ಎಎಸ್‌ಎಂಟಿ-10 ಅನ್ನುವ ನೋಟಿಸ್ ಬಂದಿತ್ತು, ಉತ್ತರಕ್ಕೆ 30 ದಿನ. 2022ರ ಡಿಸೆಂಬರ್‌ನ ಸುತ್ತೋಲೆ ಪ್ರಕಾರ ಆ ವರ್ಷದ ಇಂಥ ಸಣ್ಣ ಮೊತ್ತಕ್ಕೆ ಸಪ್ಲೈಯರ್ ಕೈಯಿಂದ ಒಂದು ದೃಢೀಕರಣ ಪತ್ರ ತಂದುಕೊಟ್ಟರೆ ಸಾಕಿತ್ತು. ಆ ನೋಟಿಸ್, ಅದರ ಹಿಂದೆ ಬಂದ, ಕಾರಣ ಕೇಳುವ ಶೋಕಾಸ್ ನೋಟಿಸ್, ಅದರ ಹಿಂದೆ ಬಂದ ಆದೇಶ, ಮೂರೂ ಹೋಗಿದ್ದು ಪ್ರಾಕ್ಟೀಷನರ್ ಯಾವಾಗಲೋ ನೋಡುವುದನ್ನೇ ಬಿಟ್ಟಿದ್ದ ಇಮೇಲ್‌ಗೆ. ಪೋರ್ಟಲ್‌ನಲ್ಲೂ ಅವು ‘ನೋಟಿಸಸ್ ಅಂಡ್ ಆರ್ಡರ್ಸ್’ ಅನ್ನುವಲ್ಲಿ ಇರಲಿಲ್ಲ, ‘ಅಡಿಷನಲ್ ನೋಟಿಸಸ್’ ಅನ್ನುವ ಇನ್ನೊಂದು ಮೂಲೆಯಲ್ಲಿ ಕುಳಿತಿದ್ದವು.

ಆದೇಶ ಬಂದ ಮೂರು ತಿಂಗಳೊಳಗೆ ಮೇಲ್ಮನವಿ ಹಾಕಬೇಕು, ಕಾರಣ ಕೊಟ್ಟರೆ ಇನ್ನೊಂದು ತಿಂಗಳು ಸಿಗುತ್ತದೆ. ಆ ಕೊನೇ ತಿಂಗಳಲ್ಲಿ ಹನ್ನೊಂದು ದಿನ ಉಳಿದಿತ್ತು. ಒಬ್ಬ ಟ್ಯಾಕ್ಸ್ ವಕೀಲರು ರಾತ್ರಿ ಕೂತು ಅರ್ಜಿ ತಯಾರು ಮಾಡಿ, ತೆರಿಗೆಯ 10% ಮುಂಗಡ ಕಟ್ಟಿಸಿ ಒಳಗೆ ತಳ್ಳಿದರು. ವಕೀಲರು ಬೇಕಾಗುವುದು ಇಂಥ ಹೊತ್ತಿಗೆ. ತಿಂಗಳ ರಿಟರ್ನ್‌ಗೆ ಅವರನ್ನು ಹಿಡಿಯಬೇಕಿಲ್ಲ, ಅವರಿಗೂ ಅದರಲ್ಲಿ ಮನಸ್ಸಿರುವುದಿಲ್ಲ.

ಕೇಳಲು ಕಹಿಯಾದ ಒಂದು ಮಾತು. ಜಿಎಸ್‌ಟಿ ಕಾಯ್ದೆಯ 48ನೇ ಕಲಂ ಪ್ರಕಾರ ಪ್ರಾಕ್ಟೀಷನರ್ ಸಲ್ಲಿಸಿದ ರಿಟರ್ನ್ ಸರಿಯಿದೆಯೋ ಇಲ್ಲವೋ ಅನ್ನುವ ಹೊಣೆ ವ್ಯಾಪಾರಿಯದ್ದೇ. ಹಾಗಾಗಿ ಯಾರನ್ನೇ ಹಿಡಿಯಿರಿ, ಪೋರ್ಟಲ್‌ನಲ್ಲಿ ಮೊಬೈಲು, ಇಮೇಲ್ ನಿಮ್ಮದಿರಲಿ. ಪ್ರಾಕ್ಟೀಷನರ್‌ಗೆ ಪಾಸ್‌ವರ್ಡ್ ಕೊಡದೆಯೇ, ಅವರನ್ನು ಪೋರ್ಟಲ್‌ನಲ್ಲೇ ನೇಮಿಸಿಕೊಳ್ಳುವ ಸೌಲಭ್ಯ ಇದೆ, ಬೇಡವಾದಾಗ ತೆಗೆಯಲೂಬಹುದು. ನನ್ನ ಹಾಗೆ ಈಗಾಗಲೇ ಸಿಕ್ಕಿಕೊಂಡಿದ್ದರೆ ದಾಖಲೆ ತೆಗೆದುಕೊಂಡು ನಿಮ್ಮ ವ್ಯಾಪ್ತಿಯ ಜಿಎಸ್‌ಟಿ ಅಧಿಕಾರಿ ಹತ್ತಿರ ಹೋಗಿ, ಅವರು ಪರಿಶೀಲಿಸಿ ನಂಬರ್ ಬದಲಿಸಿಕೊಡುತ್ತಾರೆ. ಡಿಜಿಟಲ್ ಸಿಗ್ನೇಚರ್ ಇರುವ ಕಂಪನಿಯವರಿಗೂ ಇದೇ ಮಾತು. ಒಂದು ಆಫೀಸಿನಲ್ಲಿ ಡ್ರಾಯರ್ ಎಳೆದಾಗ ಆ ಸಿಗ್ನೇಚರ್ ಇಟ್ಟ, ಪೆನ್‌ಡ್ರೈವ್‌ನಂಥ ಐವತ್ತಕ್ಕೂ ಹೆಚ್ಚು ಟೋಕನ್‌ಗಳು ಹೆಸರು ಬರೆದ ಚೀಟಿ ಕಟ್ಟಿಕೊಂಡು ಬಿದ್ದಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಐವತ್ತು ಜನರ ಸಹಿ, ಬೀಗ ಇಲ್ಲದ ಡ್ರಾಯರ್.

ಉಳಿದವರು

ಆನ್‌ಲೈನ್ ಕಂಪನಿಗಳು ಅಗ್ಗ, ಕಾಗದ ಅಚ್ಚುಕಟ್ಟು. ಲ್ಯಾಪ್‌ಟಾಪ್ ಮೇಲೆಯೇ ದುಡಿಯುವ ಡಿಸೈನರ್, ಸಾಫ್ಟ್‌ವೇರ್ ಕನ್ಸಲ್ಟೆಂಟ್‌ಗೆ ಚೆನ್ನಾಗಿ ಒದಗುತ್ತವೆ. ಮಂಡಿಪೇಟೆಯ ವ್ಯಾಪಾರಿಗೆ ಅಷ್ಟಾಗಿ ಅಲ್ಲ. ಸಾಲದ ಪಟ್ಟಿ, ವಾಪಸ್ ಬಂದ ಮಾಲು, ಅರ್ಧ ಚೀಟಿ ಅರ್ಧ ಬಿಲ್ಲು ಇವನ್ನು ಚಾಟ್ ಬಾಕ್ಸ್‌ನಲ್ಲಿ ವಿವರಿಸುವಷ್ಟರಲ್ಲಿ ರಿಟರ್ನ್‌ನ ಕೊನೇ ದಿನ 20ನೇ ತಾರೀಕು ಕಳೆದಿರುತ್ತದೆ.

ಬೆಂಗಳೂರಿನ ಸಿಎ ಬೇಕೇ? ನರಸಾಪುರದ ಕಾರ್ಖಾನೆಗಳಿಗೆ ಜಾಬ್ ವರ್ಕ್ ಮಾಡುವ ಕೋಲಾರದ ಗೆಳೆಯನೊಬ್ಬ ಎರಡು ವರ್ಷ ಹಾಗೆ ಮಾಡಿ ವಾಪಸ್ ಬಂದ. ಟಿಡಿಎಸ್ ಕಡಿತ, 45 ದಿನದೊಳಗೆ ಬರಬೇಕಾದ ಪಾವತಿ, ಪಿಎಫ್ ಎಲ್ಲವೂ ಅವನಿಗಿತ್ತು. ಅದೆಲ್ಲ ನೋಡುವ ಸಿಎ ಕೋಲಾರದಲ್ಲೇ ಸಿಕ್ಕರು, ಮೇಲಾಗಿ ಫೋನ್ ಮಾಡಿದರೆ ಎತ್ತುತ್ತಾರೆ.

ನೀವೇ ಮಾಡಿಕೊಳ್ಳುವುದು? ವಹಿವಾಟು ಇಲ್ಲದ ತಿಂಗಳ ನಿಲ್ ರಿಟರ್ನ್, ಕಾಂಪೊಸಿಷನ್‌ನ ಸಿಎಂಪಿ-08 ಇವನ್ನು ಪಿಯುಸಿ ಓದುವ ಮಗಳೂ ಮಾಡಿಯಾಳು. ಆದರೆ ರಿಟರ್ನ್ ತಡವಾದರೆ ದಿನಕ್ಕೆ ದಂಡ ಬೀಳುತ್ತದೆ, ಮಾಮೂಲಿ ರಿಟರ್ನ್‌ಗೆ ದಿನಕ್ಕೆ 50 ರೂಪಾಯಿ, ನಿಲ್‌ಗೆ 20. ಮರೆಯುವ ಸ್ವಭಾವದವರಾದರೆ ಬೇಡ. ಪಾರ್ಟ್ ಟೈಂ ಅಕೌಂಟೆಂಟ್ ಬೇರೆಯೇ ಮಾತು. ಅವರು ಪುಸ್ತಕ ಬರೆಯುವವರು, ತೆರಿಗೆ ಸಲಹೆ ಕೊಡುವವರಲ್ಲ. ಎರಡನ್ನೂ ಒಬ್ಬರಿಂದಲೇ ತೆಗೆಯಲು ಹೋದರೆ ಎರಡೂ ಅರೆಬರೆ.

2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟದ್ದು ನೆನಪಿರಬೇಕು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷದ್ದು ಬಂದಿತ್ತು, ತಾಜಾ ತರಕಾರಿಗೆ ತೆರಿಗೆಯೇ ಇಲ್ಲ. ಆ ವಾರ ನಮ್ಮ ಬೀದಿಯಲ್ಲಿ ಎರಡು ತರದ ‘ಆಡಿಟರ್’ಗಳನ್ನು ನೋಡಿದೆ. ಒಬ್ಬರು ‘ಕ್ಯೂಆರ್ ಕೋಡ್ ಕಿತ್ತು ಬಿಸಾಕಿ’ ಅಂದರು. ಇನ್ನೊಬ್ಬರು ‘ನಾಲ್ಕು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್ ತನ್ನಿ, ವಿನಾಯಿತಿ ಮಾಲು ಎಷ್ಟು, ಮನೆಯವರು ಕಳಿಸಿದ ದುಡ್ಡು ಎಷ್ಟು ಬೇರೆ ಮಾಡೋಣ’ ಅಂದರು. ನಾನು ಈಗ ಹೋಗುತ್ತಿರುವುದು ಆ ಎರಡನೆಯವರ ಹತ್ತಿರ.

ಮಾತಾಡಿಸಲು ಹೋದಾಗ

ನೋಡಲು ಹೋದವರ ಮುಂದೆ ಒಂದೆರಡು ಪ್ರಶ್ನೆ ಇಡಿ. ನನ್ನ ಮೆಚ್ಚಿನದು ಬಾಡಿಗೆಯದ್ದು: ‘ಅಂಗಡಿ ಮಾಲೀಕರಿಗೆ ಜಿಎಸ್‌ಟಿ ಇಲ್ಲ, ನನಗೆ ಇದೆ. ಬಾಡಿಗೆ ಮೇಲೆ ನಾನೇನಾದರೂ ಕಟ್ಟಬೇಕಾ?’ 2024ರ ಅಕ್ಟೋಬರ್ 10ರಿಂದ ಕಟ್ಟಬೇಕು, 18% ರಿವರ್ಸ್ ಚಾರ್ಜ್, ಪೋರ್ಟಲ್‌ನಲ್ಲಿರುವ ನಗದು ಖಾತೆಯಿಂದಲೇ. ಆಮೇಲೆ ಅದನ್ನು ಕ್ರೆಡಿಟ್ ತೆಗೆದುಕೊಳ್ಳಬಹುದು. ಕಾಂಪೊಸಿಷನ್‌ನವರಿಗೆ ಇದು ಬೇಡ ಅಂತ ಆಮೇಲೆ ತಿದ್ದುಪಡಿಯಾಯಿತು. ಈ ಕೊನೆಯ ಎಳೆಯನ್ನೂ ಸೇರಿಸಿ ಹೇಳಿದವರು ಓದಿಕೊಂಡಿದ್ದಾರೆ ಅಂತ ಅರ್ಥ. ಇನ್ನೊಂದು: ‘ಈ ವರ್ಷ ಅಂದಾಜು ಲಾಭದ ಪದ್ಧತಿ ಬಿಟ್ಟರೆ ಮುಂದಿನ ವರ್ಷ ಮತ್ತೆ ಸೇರಬಹುದಾ?’ ಬಿಟ್ಟರೆ ಐದು ವರ್ಷ ಒಳಗೆ ಬಿಡುವುದಿಲ್ಲ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಕಲಂ ನಂಬರ್‌ಗಳೆಲ್ಲ ಬದಲಾಗಿವೆ, ಅವರು ಹಳೆಯ ನಂಬರ್ ಹೇಳಿದರೂ ಚಿಂತೆಯಿಲ್ಲ, ಬದಲಾಗಿದೆ ಅನ್ನುವುದಾದರೂ ಗೊತ್ತಿರಲಿ.

ಫೀಸಿನ ವಿಷಯದಲ್ಲಿ ಒಂದೇ ಎಚ್ಚರಿಕೆ. ‘ಎಷ್ಟು ಟ್ಯಾಕ್ಸ್ ಉಳಿಸಿಕೊಡ್ತೀನೋ ಅದರಲ್ಲಿ ಇಷ್ಟು ಪರ್ಸೆಂಟ್’ ಅಂದವರಿಂದ ದೂರ ಇರಿ. ಹಾಗೆ ಫಲಿತಾಂಶಕ್ಕೆ ತಕ್ಕ ಫೀಸು ಕೇಳುವುದು ಸಿಎಗಳಿಗೆ ಅವರ ನೀತಿ ಸಂಹಿತೆಯಲ್ಲೇ ನಿಷಿದ್ಧ. ಹಳಬರ ಕೆಲಸ ಹೇಗಿದೆ ಅಂತ ತಿಳಿಯಬೇಕಾದರೆ ಅವರ ಗಿರಾಕಿ ಅಂಗಡಿಯ ಬಿಲ್ಲಿನಲ್ಲಿರುವ ಜಿಎಸ್‌ಟಿ ನಂಬರ್ ತೆಗೆದುಕೊಂಡು ಪೋರ್ಟಲ್‌ನ ‘ಸರ್ಚ್ ಟ್ಯಾಕ್ಸ್‌ಪೇಯರ್’ನಲ್ಲಿ ಹಾಕಿ. ಯಾವ ತಿಂಗಳ ರಿಟರ್ನ್ ಯಾವ ದಿನ ಹೋಗಿದೆ ಅಂತ ಲಾಗಿನ್ ಇಲ್ಲದೆಯೇ ಕಾಣುತ್ತದೆ. ತಾರೀಕುಗಳೆಲ್ಲ 20 ದಾಟಿ ಹೋಗಿದ್ದರೆ ಇನ್ನೇನು ಕೇಳುವುದಿದೆ.

ಹೋಗುವ ದಿನವನ್ನೂ ನೋಡಿ ಹೋಗಿ. 11ಕ್ಕೆ ಜಿಎಸ್‌ಟಿಆರ್-1, 14ಕ್ಕೆ ಕ್ರೆಡಿಟ್ ಪಟ್ಟಿ 2ಬಿ ಬರುತ್ತದೆ, 20ಕ್ಕೆ ತೆರಿಗೆ ಕಟ್ಟುವ ರಿಟರ್ನ್ 3ಬಿ, 22ಕ್ಕೆ ಮೂರು ತಿಂಗಳಿಗೊಮ್ಮೆ ಸಲ್ಲಿಸುವವರ 3ಬಿ. ಈ ದಿನಗಳಲ್ಲಿ ಹೋದರೆ ಅವರು ನಿಮ್ಮ ಮುಖ ನೋಡುತ್ತಾ ಕಂಪ್ಯೂಟರ್ ಜೊತೆ ಮಾತಾಡುತ್ತಾರೆ. 23ರಿಂದ ತಿಂಗಳ ಕೊನೆವರೆಗೆ ಯಾವುದಾದರೂ ದಿನ ಮಧ್ಯಾಹ್ನ ಮೂರರ ಮೇಲೆ ಹೋಗಿ. ಹಳೆಯ ಒಂದು ವರ್ಷದ ರಿಟರ್ನ್, ಬ್ಯಾಂಕ್ ಸ್ಟೇಟ್‌ಮೆಂಟ್, ಬಾಡಿಗೆ ಕರಾರು ಕೈಯಲ್ಲಿರಲಿ, ನಿಮ್ಮ ಫೋನಿನಲ್ಲಿ ಪೋರ್ಟಲ್ ಲಾಗಿನ್ ಆಗುತ್ತದೆಯೇ ಅಂತ ಮನೆಯಲ್ಲೇ ಒಮ್ಮೆ ನೋಡಿಕೊಂಡು ಹೊರಡಿ.